ಹೆಗಲ ಮೇಲಿನ ತಟ್ಟು

ಅಕ್ಟೋಬರ್ 3, ಬೆಳಿಗ್ಗೆ

ಬೋಟಿನ ತಳದಲ್ಲಿ ನಿಂತ ನೀರು ಪಂಪ್ ಮಾಡಿಯಾಯಿತು. ನಿನ್ನೆಗಿಂತ ಕಡಿಮೆ. ಒಲೆ ಮತ್ತೆ ಹೊಗೆ ಕಕ್ಕುತ್ತಿದೆ. ರೇಡಾರ್ ಕೆಟ್ಟದ್ದು ಕೆಟ್ಟೇ ಇದೆ — ಪೀಟರ್ಸ್‌ಬರ್ಗ್ ಬಂದರು ತಲುಪುವವರೆಗೆ ಅದರ ಆಸೆ ಬಿಡಬೇಕು.

ನೀರು ಕುದ್ದು ಕೆಟಲ್ ಕಿರುಚಿಕೊಳ್ಳುತ್ತಿತ್ತು. ಹಾಲ್ವರ್ ಅದರ ಪಕ್ಕದಲ್ಲೇ ನಿಂತು ಹಗ್ಗ ಸುತ್ತುತ್ತಾ, "ಕಾಫಿಗೆ ನೀರಿಡ್ಲೇನೆ?" ಅಂದ. ಮದುವೆಯಾದಾಗಿನಿಂದ ಈ ಬೋಟಿನಲ್ಲೇ ಸಂಸಾರ ಮಾಡಿದ ಗಂಡ. ನಗು ಬಂತು. ಆಮೇಲೆ ನಗು ನಿಂತುಹೋಯಿತು.

ಅಕ್ಟೋಬರ್ 4

ದಡದ ತೊರೆಯಿಂದ ಕುಡಿಯುವ ನೀರು ತಂದೆ. ಬರುವಷ್ಟರಲ್ಲಿ ಗೆಳತಿ ವೆರ್ನಾ ತನ್ನ ಏಡಿ ಹಿಡಿಯುವ ದೋಣಿಯನ್ನು ನಮ್ಮ ಪಕ್ಕಕ್ಕೆ ಕಟ್ಟಿ ಕಾಯುತ್ತಿದ್ದಳು. ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಕೊಟ್ಟಳು, ಜೊತೆಗೆ ಬೈಗುಳ.

"ನಿನ್ ಗಂಡನಿಗೆ ಏನ್ ಬಂದಿದೆಯೇ ಸಿಗ್ನೆ? ರೇಡಿಯೋದಲ್ಲಿ ಕರೆದೂ ಕರೆದೂ ನನ್ ಗಂಟಲು ಹರಿದೋಯ್ತು. ಅಷ್ಟು ದೊಡ್ಡ ಮನುಷ್ಯ ಆಗ್ಬಿಟ್ನಾ?"

"ಸೌಂಡ್ ಕಮ್ಮಿ ಇಟ್ಟಿದ್ನೇನೋ," ಅಂದೆ.

ಒಳಗೆ ಹೋಗಿ ನೋಡಿದೆ. ರೇಡಿಯೋ ಪೂರ್ತಿ ಜೋರಾಗೇ ಇತ್ತು.

ಅಕ್ಟೋಬರ್ 6, ಸಂಜೆ

ಲಂಗರು ಬಿಟ್ಟ ಕೂಡಲೇ ಈ ಪುಸ್ತಕ ತೆಗೆದೆ. ಬರೆದರೆ ಮನಸ್ಸು ತಹಬಂದಿಗೆ ಬರಬಹುದು.

ಎರಡು ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ಮಂಜು ಮುಚ್ಚಿತು. ನಮ್ಮ ಬೋಟಿನ ಮೂತಿಯೇ ನಮಗೆ ಕಾಣದು. ಲಂಗರು ಹಾಕೋಣವೆಂದರೆ ಆಳ ವಿಪರೀತ.

"ನಮ್ಮಪ್ಪನ ಕಾಲದಲ್ಲಿ ರೇಡಾರ್ ಎಲ್ಲಿತ್ತು?" ಅಂದ ಹಾಲ್ವರ್. "ಹಾರ್ನ್ ಊದೋದು, ಬಂಡೆಗೆ ಬಡಿದು ಸದ್ದು ವಾಪಸ್ ಬರೋದನ್ನ ಕೇಳೋದು. ಬೇಗ ಬಂದ್ರೆ ಬಂಡೆ ಹತ್ರ. ಅಷ್ಟೇ."

ಊದಿದ. ಎಡಗಡೆಯಿಂದ ಸದ್ದು ತಕ್ಷಣ ತಿರುಗಿ ಬಂತು — ಕೆನ್ನೆಗೆ ಹೊಡೆದ ಹಾಗೆ. ಅವನು ಚುಕ್ಕಾಣಿ ತಿರುಗಿಸಲಿಲ್ಲ. ತಲೆ ವಾರೆ ಮಾಡಿ ಕಾಯುತ್ತಿದ್ದ. ಇನ್ನೂ ಕಾಯುತ್ತಲೇ ಇದ್ದ!

ನುಗ್ಗಿ ಚುಕ್ಕಾಣಿ ಎಳೆದೆ. ಬಂಡೆ ಪಕ್ಕದಲ್ಲೇ ಸರಿದುಹೋಯಿತು, ಕಪ್ಪಗೆ, ನೀರು ಸುರಿಸಿಕೊಂಡು.

ಅವನು ಬೈಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಮತ್ತೆ ಹಾರ್ನ್ ಊದಿದ. ನಾನು ಅವನ ಹಿಂದೆ ಹೋಗಿ ನಿಂತೆ. ಎಡದಿಂದ ಸದ್ದು ಬಂದರೆ ಅವನ ಎಡಹೆಗಲು ತಟ್ಟಿದೆ, ಬಲದಿಂದ ಬಂದರೆ ಬಲಹೆಗಲು. ಈ ಕೊಲ್ಲಿಗೆ ಬಂದು ಲಂಗರು ಬಿಡುವವರೆಗೆ ಹೀಗೇ.

ಅಕ್ಟೋಬರ್ 7

"ಯಾವಾಗ್ನಿಂದ?" ಎದುರಿಗೆ ಕೂತು ಕೇಳಿದೆ.

"ಹೋದ ಚಳಿಗಾಲದಿಂದ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ... ನಿನ್ ಬೈಗುಳ ಮಾತ್ರ ಕೇಳುತ್ತೆ."

"ತಮಾಷೆ ಸಾಕು. ನಿನ್ನೆ ಇಬ್ಬರನ್ನೂ ಮುಳುಗಿಸ್ತಿದ್ದೆ ನೀನು."

"ಹೇಳಿದ್ರೆ ನೀನು ಬೋಟು ಮಾರಿ ನನ್ನನ್ನ ದಡದ ಮೇಲಿರೋ ನಿಮ್ಮಕ್ಕನ ಮನೆ ಮಹಡೀಲಿ ಕೂರಿಸ್ತಿದ್ದೆ. ಅಲ್ಲಿ ನಂಗೆ ಉಸಿರು ಕಟ್ಟುತ್ತೆ ಕಣೇ."

ಹೌದು, ಕೂರಿಸುತ್ತಿದ್ದೆ. ಈಗಲೂ ಕೂರಿಸಬೇಕು. ಅಲುಗಾಡದ ಹಾಸಿಗೆ ನನಗೂ ಬೇಕು. ಇಷ್ಟು ದಿನ ಮುಚ್ಚಿಟ್ಟನಲ್ಲ ಎಂಬ ಕೋಪ ಇಳಿಯುತ್ತಿಲ್ಲ.

ಅಕ್ಟೋಬರ್ 10, ಮಧ್ಯಾಹ್ನ

ಮಾತು ಬಿಟ್ಟಿದ್ದೆವು. ಬೆಳಿಗ್ಗೆಯಿಂದ ಆಗ್ನೇಯ ಗಾಳಿ, ಬೆನ್ನ ಹಿಂದೆ ಬಂಡೆಗಳು. ಲಂಗರು ಹಿಡಿದಿರುವವರೆಗೆ ಮಾತ್ರ ನಾವು ಕ್ಷೇಮ.

ಹಾಲ್ವರ್ ಇವತ್ತು ಬಾಯಿ ಬಿಟ್ಟ. "ಕಾವಲು ನಂದು. ಕಿವಿ ಹೋದ್ರೇನು, ಲಂಗರಿನ ಸರಪಳಿ ಮೇಲೆ ಕೈ ಇಟ್ಟಿರ್ತೀನಿ. ಲಂಗರು ಜಾರಿದ್ರೆ ಕೈಗೆ ಗೊತ್ತಾಗುತ್ತೆ. ಡೆಕ್ ಮೇಲೆ ಕಾಲಲ್ಲಿ ಗುದ್ದಿ ಹೇಳ್ತೀನಿ, ನೀನು ಎಂಜಿನ್ ಹಾಕು."

"ನಿಂಗೆ ಗೊತ್ತಾಗ್ದೆ, ನಾನೇ ಮೊದ್ಲು ಕೂಗ್ಬೇಕಾಗಿ ಬಂದ್ರೆ?"

"ಬೋಟು ಮಾರೋಣ. 'ಮಾರಾಟಕ್ಕಿದೆ' ಅನ್ನೋ ಬೋರ್ಡ್ ನಾನೇ ಬರೀತೀನಿ."

ಒಪ್ಪಿದೆ. ಮಳೆ ಕೋಟು ಹಾಕಿಕೊಂಡು ಮುಂದಕ್ಕೆ ಹೋಗಿ ಕೂತ.

ಅದೇ ದಿನ, ಆಮೇಲೆ

ಒಂದು ಕೈ ಎಂಜಿನ್ನಿನ ಕೀಲಿಯ ಮೇಲೆ, ಇನ್ನೊಂದರಲ್ಲಿ ಪೆನ್ನು. ಬರೆಯದೆ ಕೂತರೆ ಹುಚ್ಚು ಹಿಡಿಯುತ್ತದೆ.

ಸರಪಳಿ ಗುರ್ ಅಂದಿತು. ಕಲ್ಲಿನ ಮೇಲೆ ಎಳೆದ ಸದ್ದು. ನನಗೆ ಕೇಳಿತು. ಅವನಿಗೆ?

ಮೇಲೆ ಏನೂ ಇಲ್ಲ.

ಮತ್ತೆ ಗುರ್... ಕೂಗಿಬಿಡಲೇ? ನಾನು ಮೊದಲು ಕೂಗಿದರೆ ಬೋಟು ಹೋಯಿತು, ಅವನೂ ಹೋದ ಹಾಗೆಯೇ. ದಡ ಬೇಕು ಬೇಕು ಅಂತಿದ್ದವಳು ನಾನೇ. ಈಗ ಬೇಡ. ಹೀಗೆ ಬೇಡ. ಗುದ್ದು ಮಾರಾಯ, ಗುದ್ದು. ಇನ್ನು ಕಾಯಲಾರೆ, ಕೀಲಿ ತಿರುಗಿಸಿಬಿಡುತ್ತೇ—

ತಲೆಯ ಮೇಲಿನ ಡೆಕ್‌ನಿಂದ ಧಡ್! ಎಡಗಡೆ. ಮತ್ತೆ ಬಲಗಡೆ. ಅವತ್ತು ನಾನು ಅವನ ಹೆಗಲು ತಟ್ಟಿದ ಹಾಗೆಯೇ... ಬಂದೆ ಕಣೋ, ಬಂ