ಬಲಗಡೆ ಬಿದ್ದ ಹೂ

ಜುಲೈ ೧೧, ಆಷಾಢ ಶುಕ್ರವಾರ

ನಾಳೆ ಬೆಳಿಗ್ಗೆ ಡಾಕ್ಟರಿಗೆ ಏನು ಹೇಳಲಿ? ಪೀಣ್ಯದ ಫ್ಯಾಕ್ಟರಿಯ ಪ್ರೆಸ್ ಮಷೀನಿಗೆ ಸಿಕ್ಕಿ ಜಜ್ಜಿಹೋದ ಇವರ ಕೈಯನ್ನು ಕತ್ತರಿಸಬೇಕಂತೆ. ಇವರಿಗೆ ಎಚ್ಚರವಿಲ್ಲ, ನಾನೇ ಒಪ್ಪಿಗೆ ಕೊಡಬೇಕಂತೆ.

ಸಂಜೆ ಲಗ್ಗೆರೆಯ ಅಮ್ಮನ ಗುಡಿಯಲ್ಲಿ ಹೂ ಕೇಳಿದೆ. "ಮನ್ಸಲ್ಲೇ ಕೇಳ್ಕೊಳಮ್ಮ. ಬಲಕ್ಕೆ ಬಿದ್ರೆ ಹೂಂ, ಎಡಕ್ಕೆ ಬಿದ್ರೆ ಬೇಡ ಅಂತ," ಎಂದರು ಪೂಜಾರಿ. ಎಷ್ಟು ಹೊತ್ತಾದರೂ ಹೂ ಅಲುಗಲಿಲ್ಲ. ನನಗೆ ಅಳು ಬಂತು. ನನ್ನ ಅಳು ನೋಡಲಾರದೆ ಇರಬೇಕು, ದೀಪ ಸರಿಮಾಡುವ ನೆಪದಲ್ಲಿ ಪೂಜಾರಿಯ ಬೆರಳು ಬಲಗಡೆಯ ಹೂವಿಗೆ ತಾಕಿತು. ನಾನು ನೋಡಿದೆ. ಹೂ ಬಿತ್ತು.

"ಬಲಗಡೆ ಆಯ್ತು! ಅಳ್ಬೇಡ ಹೋಗಮ್ಮ, ತಾಯಿ ಒಪ್ಪವ್ಳೆ," ಎಂದು ನಕ್ಕರು.

ಪಾಪ, ಒಳ್ಳೆಯ ಮನುಷ್ಯ. ನಾನು ಕೇಳಿದ್ದು ಕೈ ಉಳಿಯುತ್ತದೆಯೇ ಎಂದಲ್ಲ. 'ಕತ್ತರಿಸಿ' ಅಂತ ಡಾಕ್ಟರಿಗೆ ಹೇಳಲೇ ತಾಯಿ, ಎಂದು.