ಎರಡು ಅಲೆಗೆ ಒಂದೇ ವಾಲ್ವು

ಗಣಪತಿ ಗ್ರಾಮ, ಕೊಯಮತ್ತೂರು
೧೦ ಆಗಸ್ಟ್ ೧೯೩೬, ಸೋಮವಾರ

ನನ್ನ ಯಜಮಾನರಿಗೆ ಪೆರಿಯನಾಯಕಿಯ ನಮಸ್ಕಾರಗಳು.

ಸಂಜೆ ಹೊತ್ತಿನ ಜ್ವರ ಈಗಲೂ ಬರುತ್ತಿದೆಯೇ? ಕೆಮ್ಮಿದರೆ ರಕ್ತ ಕಾಣುವುದು ನಿಂತಿತೇ? ಕಳೆದ ಕಾಗದದಲ್ಲಿ 'ಪರವಾಗಿಲ್ಲ' ಎಂದು ಒಂದೇ ಮಾತು ಬರೆದಿದ್ದಿರಿ. ನಿಮ್ಮ ಪರವಾಗಿಲ್ಲವನ್ನು ನಾನು ನಂಬುವವಳಲ್ಲ. ತೂಕ ಎಷ್ಟು ಏರಿತು, ನಿದ್ದೆ ಹೇಗೆ ಬರುತ್ತಿದೆ, ಅದನ್ನು ಬರೆಯಿರಿ. ಆಸ್ಪತ್ರೆಯವರು ಮೊಟ್ಟೆ ಕೊಟ್ಟರೆ ಬೇಡ ಅನ್ನಬೇಡಿ, ಅತ್ತೆಗೆ ನಾನು ಹೇಳುವುದಿಲ್ಲ. ಮಂಡಿ ನೋವೊಂದು ಬಿಟ್ಟರೆ ಅತ್ತೆ ಚೆನ್ನಾಗಿದ್ದಾರೆ. ನಾನೂ ಇದ್ದೇನೆ. ದಣಿದಿದ್ದೇನೆ, ಅಷ್ಟೆ. ನಿನ್ನೆ ರುಬ್ಬುವ ಕಲ್ಲಿನ ಮುಂದೆ ಕೂತಲ್ಲೇ ಕಣ್ಣು ಮುಚ್ಚಿಹೋಯಿತು. ಬೆಳಿಗ್ಗೆ ರಾಟೆಯಲ್ಲಿ ನೂಲು ಸುತ್ತಿ, ಅಡಿಗೆ ಮುಗಿಸಿ, ನಿಮ್ಮ ವರ್ಕ್‌ಶಾಪಿಗೆ ಹೋಗಿ, ಬಂದು ಮತ್ತೆ ರಾಟೆಗೆ ಕೂರುವುದು ಒಂದು ತಿಂಗಳಿಂದ ನಡೆದಿದೆ. ಹಿಂದಿನ ಕಾಗದಗಳಲ್ಲಿ ಇದನ್ನು ಬರೆಯಲಿಲ್ಲ. ಬರೆದರೆ ನೀವು ಹಾಸಿಗೆ ಬಿಟ್ಟು ರೈಲು ಹತ್ತಿಬಿಡುತ್ತೀರಿ ಎಂಬ ಭಯ.

ನೀವು ಆಸ್ಪತ್ರೆಗೆ ಹೋದಂದಿನಿಂದ ಆನೈಮಲೈ ಟೀ ತೋಟದವರ ರೇಡಿಯೋ ಟ್ರಾನ್ಸ್‌ಮಿಟರ್ ಅರ್ಧಕ್ಕೇ ನಿಂತಿತ್ತು. ನಿಮ್ಮ ನೋಟ್‌ಬುಕ್ ನೋಡಿ ಮುಗಿಸೋಣವೆಂದರೆ ಅದರಲ್ಲಿ ಇದ್ದದ್ದೆಲ್ಲ ಕನ್ನಡ ಅಕ್ಷರ! ಮದುವೆಯಾದ ಹೊಸದರಲ್ಲಿ ನಾನು ಕಲಿಸಿದ ಅಕ್ಷರ ನಿಮಗೆ ಯಾವ ಉಪಯೋಗಕ್ಕೆ ಬರುತ್ತದೋ ಅಂದುಕೊಂಡಿದ್ದೆ. ಒಂದಿಡೀ ಯಂತ್ರವನ್ನೇ ಅದರಲ್ಲಿ ಬರೆದಿಟ್ಟಿದ್ದೀರಿ. ವರ್ಕ್‌ಶಾಪಿನಲ್ಲಿ ಕನ್ನಡ ಮಾತಾಡುವವರು ನಾಲ್ಕು ಜನ ಇದ್ದಾರೆ, ಓದುವವರು ಒಬ್ಬರೂ ಇಲ್ಲ. ಕೊಳ್ಳೇಗಾಲದಲ್ಲಿ ಬೆಳೆದವಳು ನಾನೊಬ್ಬಳೇ ಅಲ್ಲವೇ. ವರ್ಕ್‌ಶಾಪಿನ ಒಡೆಯರು, ಮೊದಲಾಳಿ ಬಾಲಸುಬ್ರಮಣಿಯನ್ ತಾವೇ ಮನೆಗೆ ಬಂದರು. ತೋಟದವರು ಆಗಸ್ಟಿನಲ್ಲಿ ಪರೀಕ್ಷೆ ಮಾಡುತ್ತಾರೆ, ಸೋತರೆ ಮದರಾಸಿನಿಂದ ಬೇರೆಯವನನ್ನು ಕರೆಸಬೇಕಾಗುತ್ತದೆ ಅಂದರು. "ಆಮೇಲೆ ಈ ಜಾಗ ನಿನ್ ಗಂಡಂದೇ ಅಂತ ನಾನು ಹೇಳಕ್ಕಾಗ್ದಮ್ಮಾ" ಎಂದೂ ಸೇರಿಸಿದರು. ಅತ್ತೆ, "ಹೋಗಿ ಓದ್ಬುಟ್ಟು ಬಾ ಕಣ್ಣು. ಓದೋದು ಅಷ್ಟೇ. ಗಂಡಸ್ರು ಕೆಲ್ಸಕ್ಕೆ ಕೈ ಹಾಕ್ಬೇಡ" ಅಂದರು.

ಓದುತ್ತ ಹೋದೆ, ನಿಮ್ಮ ಜೊತೆಗಾರ ತಂಗಮಣಿ ಕೂಡಿಸುತ್ತ ಹೋದ. ಮಳೆಗಾಲದಲ್ಲಿ ಗುಡ್ಡದ ದಾರಿ ಕುಸಿದರೆ ತೋಟದ ಆಸ್ಪತ್ರೆಗೆ ಹೊರಗಿನ ಸುದ್ದಿಯೇ ಇರುವುದಿಲ್ಲ, ಅದಕ್ಕೇ ಈ ಯಂತ್ರ, ಮೇಲೆ ತೋಟದಲ್ಲಿ ಆಗಲೇ ಇರುವುದಕ್ಕೆ ಕೆಳಗಿನ ಜೋಡಿ, ಎಂದು ಮೊದಲ ಪುಟದಲ್ಲೇ ಬರೆದಿದ್ದೀರಿ. ಹಗಲಿಗೆ ನಲವತ್ತು ಮೀಟರಿನ ರೇಡಿಯೋ ಅಲೆ, ಹೊತ್ತು ಮುಳುಗಿದ ಮೇಲೆ ಎಂಬತ್ತು ಮೀಟರಿನದು, ಎರಡಕ್ಕೂ ಕೊನೆಯ ದೊಡ್ಡ ವಾಲ್ವು, ಅಲೆಗೆ ಬಲ ತುಂಬುವ ಆ ಗಾಜಿನ ಬುಡ್ಡಿ, ಒಂದೇ. ಎಂಬತ್ತಕ್ಕೆ ಇಟ್ಟರೆ ಎಲ್ಲ ಸರಿ: ಕಂಡೆನ್ಸರ್ ತಿರುಗಿಸಿದರೆ ಮೀಟರಿನ ಮುಳ್ಳು ಒಂದು ಕಡೆ ಚೆನ್ನಾಗಿ ಕೆಳಗಿಳಿಯುತ್ತಿತ್ತು, ಏರಿಯಲ್ ತಂತಿಗೆ ಕಟ್ಟಿದ ಪುಟ್ಟ ಬಲ್ಬು ಬೆಳಗುತ್ತಿತ್ತು. ಹಗಲಿನ ಅಲೆಯ ತಂತಿ ಸುರುಳಿ ಸಿಕ್ಕಿಸಿದರೆ ಮಾತ್ರ ಮುಳ್ಳು ಇಳಿಯುವುದೇ ಇಲ್ಲ. ಬಲ್ಬು ಮಿಣುಕು. ವಾಲ್ವಿನೊಳಗಿನ ತಗಡು ಕೆಂಡದ ಹಾಗೆ ಕೆಂಪಗಾಗುತ್ತಿತ್ತು. ಹೊರಗೆ ಹೋಗಬೇಕಾದ ಶಕ್ತಿಯೆಲ್ಲ ಅಲ್ಲೇ ಬೆಂದು ಹೋಗುತ್ತಿದೆ ಎಂದು ನಿಮ್ಮ ಪುಸ್ತಕವೇ ಹೇಳಿತು. ಏಕೆ ಎಂದು ಹೇಳಲಿಲ್ಲ. ಆ ಪುಟ ಅರ್ಧಕ್ಕೇ ನಿಂತಿದೆ. ಅದರ ಅಂಚಿನಲ್ಲಿ ಒಂದು ಕಂದು ಕಲೆ ಇದೆ. ಅದೇನೆಂದು ನಾನು ತಂಗಮಣಿಗೆ ಹೇಳಲಿಲ್ಲ.

ಒಂಬತ್ತು ಸಲ ಹಗಲಿನ ಸುರುಳಿಯನ್ನು ಬಿಚ್ಚಿ ಸುತ್ತಿದೆ. ಹೌದು, ಸುತ್ತಿದ್ದು ನಾನೇ. ತಂಗಮಣಿ ಸುತ್ತಿದರೆ ಸುತ್ತುಗಳ ನಡುವಿನ ಅಂತರ ಒಂದೊಂದು ಕಡೆ ಒಂದೊಂದು ಥರ. ಅವನು ಸ್ವಿಚ್ ಇಳಿಸಿ, ಕರೆಂಟು ತಪ್ಪಿಸಿ, ಹಿಡಿಯ ಮೇಲೆ ಕೈ ಇಟ್ಟುಕೊಂಡು ನಿಂತ ಮೇಲೆಯೇ ನಾನು ಹತ್ತಿರ ಹೋಗುತ್ತಿದ್ದೆ, ಹೆದರಬೇಡಿ. ಒಂದು ಸುತ್ತು ಕಡಿಮೆ, ಎರಡು ಸುತ್ತು ಕಡಿಮೆ, ದಪ್ಪ ತಂತಿ, ಏನು ಮಾಡಿದರೂ ಕೆಂಪೇ. ಒಂದು ವಾಲ್ವು ಸುಟ್ಟೇಹೋಯಿತು. ಉಳಿದದ್ದು ಇನ್ನೊಂದೇ. ಅವತ್ತು ಮನೆಗೆ ನಡೆದು ಬರುವಾಗ ನಿಮ್ಮ ಮೇಲೆ ಬಹಳ ಸಿಟ್ಟು ಬಂದಿತ್ತು. ರೋಗದ ಮೇಲೆ ಬರಬೇಕಾದ ಸಿಟ್ಟು, ಕ್ಷಮಿಸಿ. ಮರುದಿನ ರಾಟೆಯ ಮುಂದೆ ಕೂತು ದಪ್ಪ ನೂಲು ತೆಗೆದು ನಯದ ನೂಲು ಹಾಕಿದಾಗ, ಬೆರಳು ತನ್ನಷ್ಟಕ್ಕೆ ಸಡಿಲವಾಯಿತು. ನೂಲು ಬದಲಾದರೆ ಬಿಗಿಯೂ ಬದಲಾಗಬೇಕು, ಇಲ್ಲದಿದ್ದರೆ ಕಿತ್ತುಹೋಗುತ್ತದೆ. ಯಂತ್ರದಲ್ಲಿ ನಾವು ಸುರುಳಿ ಬದಲಿಸುತ್ತಿದ್ದೆವು. ಅದರ ಮಗ್ಗುಲಲ್ಲಿ ಏರಿಯಲಿಗೆ ಶಕ್ತಿ ದಾಟಿಸುವ ಚಿಕ್ಕ ಸುರುಳಿ ಮಾತ್ರ ಎರಡು ಅಲೆಗೂ ಒಂದೇ ದೂರದಲ್ಲಿತ್ತು. ನೀವೇ ಮೇಣದ ದಾರದಲ್ಲಿ ಬಿಗಿದು ಕಟ್ಟಿದ್ದಿರಿ. ತಂಗಮಣಿ, "ಅಣ್ಣ ಕಟ್ಟಿದ್ದು, ಬೇಡಕ್ಕಾ" ಅಂದ. ನನಗೂ ಕೈ ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಕತ್ತರಿ ಹಾಕಿದೆ. ಅದನ್ನು ಎರಡು ಬೆರಳಿನಷ್ಟು ಹಿಂದೆ ಸರಿಸಿ ಸ್ವಿಚ್ ಹಾಕಿದಾಗ ಮುಳ್ಳು ಜಾರಿ ಕೆಳಗಿಳಿಯಿತು. ತಗಡು ಕಪ್ಪಗೇ ಉಳಿಯಿತು. ಬಲ್ಬು ಎಷ್ಟು ಬೆಳಗಿತೆಂದರೆ ತಂಗಮಣಿ ತಮಿಳಿನಲ್ಲಿ ಏನೋ ಕೂಗಿ ಹೊರಗೆ ಓಡಿಹೋದ. ಈಗ ಆ ಚಿಕ್ಕ ಸುರುಳಿ ಒಂದು ಮರದ ಪಟ್ಟಿಯ ಮೇಲೆ ಜಾರುತ್ತದೆ. ಎರಡು ಕಡೆ ಗೀಟು ಹಾಕಿದ್ದೇವೆ, ಹಗಲಿಗೊಂದು, ಸಂಜೆಗೊಂದು.

ಕಳೆದ ಬುಧವಾರ ಪರೀಕ್ಷೆ. ಮಧ್ಯಾಹ್ನ ತೋಟದವರು ತಂತಿ ಆಫೀಸಿನ ಹಾಗೆ ಕಟ್ಟು ಕಡ ಎನ್ನುವ ಸದ್ದಿನಲ್ಲಿ ಕಳಿಸಿದ ಮೊದಲ ಮಾತೇ ಪರೀಕ್ಷೆಯದಾಗಿರಲಿಲ್ಲ. ದಾರಿ ಕುಸಿದಿದೆ, ಎಲೆ ಕೀಳುವ ಪಾಪಾತಿ ಎಂಬ ಹೆಂಗಸಿಗೆ ಎರಡು ದಿನದಿಂದ ಹೆರಿಗೆ ನೋವು, ಪೊಳ್ಳಾಚಿಯ ಡಾಕ್ಟರನ್ನು ಕುಸಿದ ಜಾಗದವರೆಗೆ ಕಳಿಸಿ, ಅಲ್ಲಿಂದ ನಾವು ಹೊತ್ತುಕೊಂಡು ಬರುತ್ತೇವೆ ಎಂದಿತ್ತು. ಕಳಿಸುತ್ತೇವೆ ಎಂದು ಹಗಲಿನ ಅಲೆಯಲ್ಲೇ ಉತ್ತರ ಕೊಟ್ಟೆವು, ಮೊದಲಾಳಿ ಡಾಕ್ಟರನ್ನು ಕರೆದೊಯ್ಯಲು ಕಾರು ಓಡಿಸಿಕೊಂಡು ಹೋದರು. ಹೊತ್ತು ಇಳಿದಂತೆ ಹಗಲಿನ ಅಲೆ ಸೋತಿತು. ದೀಪ ಹಚ್ಚುವ ಹೊತ್ತಿಗೆ ನಾನೇ ಸುರುಳಿ ಬದಲಿಸಿ, ಚಿಕ್ಕದನ್ನು ಸಂಜೆಯ ಗೀಟಿಗೆ ಸರಿಸಿದೆ. ಕರೆದೆವು. ಉತ್ತರ ಬಂತು. ಮಗು ಉಳಿಯಲಿಲ್ಲ, ತಾಯಿ ಉಳಿದಳು. ತಂಗಮಣಿ ಅದನ್ನು ಓದಿ ಹೇಳಿದಾಗ ಯಾರೂ ಕುಣಿಯಲಿಲ್ಲ. ನಾನು ಪೀಪಾಯಿಯ ಮೇಲೆ ಕೂತು ಅತ್ತುಬಿಟ್ಟೆ. ಪಾಪಾತಿಗಾಗಿಯೋ ನಿಮಗಾಗಿಯೋ ತಿಳಿಯಲಿಲ್ಲ. ತೋಟದವರು ಯಂತ್ರ ಒಪ್ಪಿಕೊಂಡಿದ್ದಾರೆ. ನಿಮ್ಮ ಜಾಗ ನಿಮ್ಮದೇ.

ಔಷಧಿ ತಪ್ಪಿಸಬೇಡಿ. ಅತ್ತೆಯ ಆಶೀರ್ವಾದ, ತಂಗಮಣಿಯ ವಣಕ್ಕಂ. ನಿಮ್ಮ ಉಸಿರು ಹಗುರಾಗಲಿ.

ನಿಮ್ಮ
ಪೆರಿಯನಾಯಕಿ

ಅಂಚೆಯವನು ಬಾಗಿಲಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಇನ್ನೆರಡು ತೋಟದವರು ಯಂತ್ರ ಕೇಳಿದ್ದಾರೆ. ನಾಳೆಯಿಂದ ದಿನಾ ಸಂಬಳದ ಕೆಲಸಕ್ಕೇ ಬಾ ಎಂದು ಮೊದಲಾಳಿ ಕರೆದರು, ಬರುತ್ತೇನೆ ಅಂದುಬಿಟ್ಟೆ. ಅತ್ತೆಗೆ ಇನ್ನೂ ಗೊತ್ತಿಲ್ಲ. ಆ ತೋಟಗಳಲ್ಲಿ ಒಂದಕ್ಕೆ ಕೊಲಂಬೋ ಜೊತೆ ಮಾತಾಡಲು ಇಪ್ಪತ್ತು ಮೀಟರಿನ ಅಲೆಯೂ ಬೇಕಂತೆ, ನೋಟ್‌ಬುಕ್ಕಿನಲ್ಲಿ ಅದಿಲ್ಲ. ಬೇಡ ಎಂದು ಬರೆಯುವುದಾದರೆ ಬರೆಯಲೇಬೇಡಿ. ಆ ಸುರುಳಿಗೆ ಎಷ್ಟು ಸುತ್ತು, ಅದನ್ನು ಮಾತ್ರ ಬರೆದು ಕಳಿಸಿ.