ಭಾದ್ರಪದದಲ್ಲಿ ಹಾದುಹೋಗುವವರು

ಸತ್ಯನಾರಾಯಣಪೇಟೆ, ಬಳ್ಳಾರಿ
10 ಸೆಪ್ಟೆಂಬರ್ 2025

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಎಡಮೊಣಕಾಲಿನ ನೋವು ಕಡಿಮೆಯಾಯಿತೆ? ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೀಯಂತೆ, ಕುರುಗೋಡಿನ ಹಂಪಕ್ಕ ಅತ್ತೆ ಹೇಳಿದಳು. ಹೌದು, ಹೇಳಿಬಿಟ್ಟಳು. ನೀನು ಮನೆ ಬಿಟ್ಟ ಈ ಎಂಟು ವರ್ಷವೂ ಭಾದ್ರಪದದಲ್ಲಿ ನಿನ್ನ ಅಕ್ಕನ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು, ರೊಟ್ಟಿ ತಿಂದು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ ಹೋಗುತ್ತೀಯಂತೆ. ಅವಳನ್ನು ಬೈಯಬೇಡ. ಈ ಸಲ ಮಹಾಲಯ ಅಮಾವಾಸ್ಯೆಗೆ ತೀರಿಹೋದ ಹಿರಿಯರ ಜೊತೆ ನಿನಗೂ ಎಡೆ ಇಡುವುದೆಂದು ನಿನ್ನ ತಮ್ಮ ಎರ್ರಿಸ್ವಾಮಿ ಕಾಕಾ ತೀರ್ಮಾನಿಸಿದ್ದಾನೆ. ಬದುಕಿರುವವನಿಗೆ ಸತ್ತವರ ಎಡೆ ಎಂದರೆ ಅತ್ತೆಗೆ ತಡೆಯಲಾಗಲಿಲ್ಲ, ನನ್ನ ಹತ್ತಿರ ಮಾತ್ರ ಬಾಯಿಬಿಟ್ಟಳು. ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ಈ ವರ್ಷ ನೀನಿನ್ನೂ ಬಂದಿಲ್ಲವಂತಲ್ಲ, ಅದಕ್ಕೇ ಈ ಕಾಗದವನ್ನು ಅತ್ತೆಯ ಕೈಯಲ್ಲಿ ಕೊಡುತ್ತಿದ್ದೇನೆ.

ನಾನೀಗ ಸಿರುಗುಪ್ಪದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಉಳಿದ ವೇಳೆ ಪಿಎಚ್‌ಡಿ. ಬಸ್ಸು ನೀನು ಕೆಲಸಕ್ಕಿದ್ದ ಅಕ್ಕಿ ಗಿರಣಿಯ ಮುಂದೆಯೇ ಹೋಗುತ್ತದೆ. ತೂಕದ ಕಾಟಾದ ಮೇಲೆ ಭತ್ತದ ಲಾರಿ ನಿಂತಿದ್ದರೆ ಬಗ್ಗಿ ನೋಡುತ್ತೇನೆ. ನೀನು ಕೂತು ತೂಕ ಬರೆಯುತ್ತಿದ್ದ ಕುರ್ಚಿಯಲ್ಲಿ ಬೇರೆ ಯಾರೋ ಇರುತ್ತಾರೆ. ಯಾವುದರ ಮಾತೆತ್ತಿದರೂ "ತೂಕ ಎಷ್ಟೈತಿ ಹೇಳು ಮೊದ್ಲು" ಅನ್ನುತ್ತಿದ್ದವನು ನೀನು. ನಾನು ಓದುತ್ತಿರುವ ನ್ಯೂಟ್ರಿನೊ ಎಂಬ ಕಣಕ್ಕೆ ತೂಕ ಇದೆಯೋ ಇಲ್ಲವೋ ಅನ್ನುವಷ್ಟೇ ಇದೆ, ನಿನ್ನ ಕಾಟಾಕ್ಕೆ ಅವಮಾನ. ಜಗತ್ತು ಹುಟ್ಟಿ ಒಂದು ಸೆಕೆಂಡಿಗೇ ಹೊರಟವು ಅವು. ಆಗ ಬೆಳಕಿನಷ್ಟೇ ಓಟ, ಈಗ ದಣಿದು ನಿಧಾನವಾಗಿವೆ. ನಿನ್ನ ಮುಷ್ಟಿಯೊಳಗೇ ಹತ್ತಾರು ಸಾವಿರ ಇವೆ, ಆದರೆ ಈ ಹಳೆಯವುಗಳಲ್ಲಿ ಇದುವರೆಗೆ ಯಾರೂ ಒಂದನ್ನೂ ಹಿಡಿದಿಲ್ಲ. ಗೋಡೆ, ಮೈ, ಭೂಮಿ ಎಲ್ಲದರೊಳಗೂ ತಾಗದ ಹಾಗೆ ದಾಟಿಹೋಗುತ್ತವೆ.

ಗುರುತ್ವಾಕರ್ಷಣೆಯಿಂದ ಮಾತ್ರ ಅವಕ್ಕೂ ಬಿಡುಗಡೆ ಇಲ್ಲ. ನಿಧಾನವಾದಷ್ಟೂ ಸೆಳೆತಕ್ಕೆ ಹೆಚ್ಚು ಬಗ್ಗುತ್ತವೆ. ಸೂರ್ಯನ ಪಕ್ಕ ಹಾಯುವಾಗ ದಾರಿ ಬಾಗಿ, ಅವನ ಹಿಂದೆ ಒತ್ತಾಗುತ್ತವೆ. ವರ್ಷಕ್ಕೊಮ್ಮೆ ಭೂಮಿ ಆ ಕಡೆ ಬಂದಾಗ ನಮ್ಮಲ್ಲಿ ಕೂದಲೆಳೆಯಷ್ಟು ಹೆಚ್ಚಿರಬೇಕು. ಅವು ಬರುವ ದಿಕ್ಕು ನೋಡಿ ಅದು ಯಾವ ತಿಂಗಳು ಎಂದು ಹೇಳುವುದೇ ನನ್ನ ಲೆಕ್ಕ. ಅವು ನಮ್ಮ ಗ್ಯಾಲಕ್ಸಿಗೆ ಕಟ್ಟುಬಿದ್ದವು ಎಂದುಕೊಂಡರೆ ಮಾರ್ಚ್. ಸುಮ್ಮನೆ ಹಾದುಹೋಗುವ ಪರದೇಶಿಗಳು ಎಂದುಕೊಂಡರೆ ಸೆಪ್ಟೆಂಬರ್. ನಾನು ಮೂರು ವರ್ಷ ಮಾರ್ಚ್ ಎಂದೇ ಲೆಕ್ಕ ಹಾಕಿದೆ. ಯಾವ ಆಧಾರದ ಮೇಲೆ ನಮ್ಮವು ಅಂದಿರಿ ಎಂದು ಕೇಳಿ, ಗೈಡ್ ಮೀನಾಕ್ಷಿ ಮೇಡಂ ಎಲ್ಲವನ್ನೂ ವಾಪಸು ಕೊಟ್ಟರು.

ಮನೆಯಲ್ಲೂ ಅದೇ ತಪ್ಪು ಮಾಡಿದ್ದೇವೆ. ಹೋಗುವಾಗ ನೀನು "ಯುಗಾದಿಗಿ ಬರ್ತೀನಿ" ಅಂದಿದ್ದೆ. ಎಂಟು ಯುಗಾದಿ ಅಮ್ಮ ಹೋಳಿಗೆಗೆ ಒಂದು ಹಿಡಿ ಬೇಳೆ ಹೆಚ್ಚು ಹಾಕಿದಳು, ನಿನ್ನ ಪಂಚೆ ಒಗೆದು ನೀಲಿ ಹಾಕಿ ಒಣಗಿಸಿದಳು. ನೀನು ನೋಡಿದರೆ ಸೆಪ್ಟೆಂಬರಿನವನು. ಒಂದು ತಾಸಿನ ದಾರಿಯವರೆಗೆ ಬಂದು ಹೊರಳಿ ಹೋಗಿದ್ದೀಯ. ಅಷ್ಟಾದರೂ ದಾರಿ ಬಗ್ಗಿತಲ್ಲ ಎಂದು ಖುಷಿಪಡಲೆ? ಸೂರ್ಯನೂ ಅವುಗಳ ದಾರಿ ಬಗ್ಗಿಸುತ್ತಾನೆ, ಇಟ್ಟುಕೊಳ್ಳಲಾರ. ಹತ್ತಿರ ಬರುವಾಗ ಸಿಕ್ಕ ವೇಗವೇ ಅವನ್ನು ಮತ್ತೆ ದೂರ ಒಯ್ಯುತ್ತದೆ. ಪಿಎಚ್‌ಡಿಯ ಆ ಪುಟ ಬರೆದ ದಿನ ನನಗೆ ತುಂಬ ಅಳು ಬಂತು ಅಪ್ಪಾ.

ಯಾಕೆ ಹೋದೆ ಎಂದು ಕೇಳುವುದಿಲ್ಲ. ಇಪ್ಪತ್ತೊಂದನೇ ತಾರೀಖು ಅಮಾವಾಸ್ಯೆ. ಎಡೆ ಇಟ್ಟರೆ ಅಮ್ಮನ ಕುಂಕುಮ, ಬಳೆ ಹೋಗುತ್ತವೆ. ಅಷ್ಟರೊಳಗೆ ಒಮ್ಮೆ ಬಾ, ಬಾಗಿಲಲ್ಲಿ ನಿಂತು ಹೋದರೂ ಸಾಕು. ಬರುತ್ತೀಯ ಎಂಬ ನಂಬಿಕೆ ನನಗಿಲ್ಲ. ಬರೆಯದೆ ಇರಲೂ ಆಗಲಿಲ್ಲ.

ಕಾಲು ಜೋಪಾನ. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು,
ಸುಧಾರಾಣಿ

ತಾ.ಕ.: ಕಾಗದ ಮಡಿಸುವಾಗ ಅಮ್ಮ ಬಂದು ಯಾರಿಗೆ ಎಂದಳು. ಸುಳ್ಳು ಹೇಳಲಾಗಲಿಲ್ಲ, ಎಲ್ಲ ಹೇಳಿದೆ. ಅವಳು ಅಳಲಿಲ್ಲ. "ಅದಾರೋ ಇಲ್ಲೋ ಗೊತ್ತಿಲ್ದಾಗ ಕಾದೆ. ಅದಾರಂತ ಗೊತ್ತಾತು. ಇನ್ನ ಯಾರ್ನ ಕಾಯ್ಲಿ?" ಅಂದಳು. ಆಮೇಲೆ ಕಾಕಾನಿಗೆ ತಾನೇ ಫೋನ್ ಮಾಡಿ, ಎಡೆ ಇಡಲು ಹೇಳಿದಳು. ಈಗ ಅಡುಗೆಮನೆಯಲ್ಲಿ ಕೂತು ಬಳೆ ತೆಗೆಯುತ್ತಿದ್ದಾಳೆ. ಮೇಲೆ ಬರೆದದ್ದನ್ನು ಬಿಡು ಅಪ್ಪಾ, ಬರಬೇಡ.